ಡ್ರೇಪರ್ ಲೇನಿನಲ್ಲಿ ಪದ್ಮಾಳ ಬೋಣಿ

ಬೆಂಟ್ಲಿ, ಪರ್ತ್
17 ಫೆಬ್ರವರಿ 2014

ಸಂಪಾದಕರಾದ ಅನಂತಪದ್ಮನಾಭ ಅವರಿಗೆ,

ಇದು ತಂಗಿಯ ಗಂಡನಿಗೆ ಬರೆದ ಕಾಗದವಲ್ಲ. ಎಂಟು ವರ್ಷದ ಹಿಂದೆ ಪದ್ಮಾಳ ಅಸ್ಥಿಯನ್ನು ಶ್ರೀರಂಗಪಟ್ಟಣಕ್ಕೆ ತರದೆ, ಅಡಿಲೇಡಿನ ಸಮುದ್ರಕ್ಕೆ ಬಿಟ್ಟು, ಎಲ್ಲ ಮುಗಿದ ಮೇಲೆ ನನಗೆ ಫೋನ್ ಮಾಡಿದಿರಲ್ಲ, ಅವತ್ತೇ ಆ ನಂಟಿನಲ್ಲಿ ಬರೆಯುವುದನ್ನು ಬಿಟ್ಟೆ. ಆಮೇಲೆ ನಾನು ಮಾಡಿದ ಫೋನುಗಳನ್ನು ನೀವೂ ಎತ್ತಲಿಲ್ಲ. ಲೆಕ್ಕ ಸರಿಯಾಯಿತು.

ನಾನೀಗ ಒಂದು ವರ್ಷದಿಂದ ಮಗಳ ಮನೆಯಲ್ಲಿದ್ದೇನೆ. ಮಾಲವಿಕಾ ಇಲ್ಲಿನ ಯೂನಿವರ್ಸಿಟಿಯಲ್ಲಿ ಪಾಠ ಹೇಳುತ್ತಾಳೆ. ಮೈಸೂರಿನಲ್ಲಿ ಹುಡುಗಿಯರಿಗೆ ಇತಿಹಾಸ ಕಲಿಸಿ ನಿವೃತ್ತಳಾದ ನನಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ. ರಾಜ್ಯೋತ್ಸವದ ಸ್ಮರಣ ಸಂಚಿಕೆಗೆ ‘ನಮ್ಮೂರಿನ ಒಂದು ಪೇಟೆ’ ಎಂಬ ವಿಷಯದ ಮೇಲೆ ಲೇಖನ ಬೇಕೆಂದು ಈ ದೇಶದ ಕನ್ನಡಿಗರಿಗೆಲ್ಲ ನೀವು ಸುತ್ತೋಲೆ ಕಳಿಸಿದ್ದೀರಿ. ನನ್ನ ಲೇಖನ ಜೊತೆಗಿದೆ. ನೀವು ಪೂರ್ತಿ ಓದುವ ಪೈಕಿಯಲ್ಲ, ಆದ್ದರಿಂದ ಸಾರಾಂಶ ಇಲ್ಲೇ ಹೇಳುತ್ತೇನೆ.

ಪರ್ತಿನ ರೈಲು ಹಳಿಯಿಂದ ಉತ್ತರಕ್ಕೆ ಡ್ರೇಪರ್ ಲೇನ್ ಎಂಬ ಗಲ್ಲಿಯಿದೆ. ನೀವು ಪರ್ತಿನಲ್ಲಿ ಹತ್ತು ವರ್ಷ ಇದ್ದವರು, ಅದನ್ನು ನೋಡಿಯೇ ಇರುತ್ತೀರಿ. ತೊಂಬತ್ತು ವರ್ಷದ ಹಿಂದೆ ಪೋಲೆಂಡ್ ಕಡೆಯಿಂದ ಜೀವ ಉಳಿಸಿಕೊಂಡು ಬಂದ ಯೆಹೂದಿಗಳು ಅಲ್ಲಿ ಸಂತೆ ಕಟ್ಟಿದರು. ವಾರವೆಲ್ಲ ಮೂಟೆ ಹೊತ್ತು ಗೋಧಿ ಹೊಲಗಳ ಊರು ಸುತ್ತಿ ಸೂಜಿ, ದಾರ, ಗುಂಡಿ, ಹಳೇ ಕೋಟು ಮಾರುವುದು. ಶುಕ್ರವಾರ ಹೊತ್ತು ಮುಳುಗುವುದರೊಳಗೆ ಮನೆ ಸೇರುವುದು. ಶನಿವಾರ ಅವರಿಗೆ ವ್ಯಾಪಾರ ನಿಷಿದ್ಧ. ಹಾಗಾಗಿ ಸಂತೆ ಭಾನುವಾರ. ಭಾನುವಾರ ಅಂಗಡಿ ತೆರೆಯುವುದು ಆಗ ಈ ದೇಶದಲ್ಲಿ ಅಪರಾಧ. ಪೊಲೀಸರು ಬಂದು ಗಾಡಿ ಉರುಳಿಸುವರು, ಇವರು ಚದುರಿ ಮತ್ತೆ ಬಂದು ಕೂರುವರು. ಉಪ್ಪುನೀರಿನಲ್ಲಿ ಹಾಕಿದ ಸೌತೆಕಾಯಿಯ ಪೀಪಾಯಿಗಳು, ಮೀನು, ದರ್ಜಿಗಳು, ಚೌಕಾಸಿ, ಜಗಳ. ಆಮೇಲೆ ಅವರ ಮಕ್ಕಳು ಓದಿ ದೊಡ್ಡ ಮನೆ ಕಟ್ಟಿ ದೂರದ ಬಡಾವಣೆಗೆ ಹೋದರು. ಇಟಲಿಯವರು ಬಂದರು, ಗ್ರೀಕರು ಬಂದರು, ವಿಯೆಟ್ನಾಮಿನವರು ಬಂದರು.

ಈಗ ಉಳಿದಿರುವ ಯೆಹೂದಿ ವ್ಯಾಪಾರಿ ಒಬ್ಬರೇ, ಗುಂಡಿ ಮಾರುವ ಮಿಸೆಸ್ ಝೆಲ್ಡಾ ಕಪ್ಲಾನ್. ಎಂಬತ್ತು ದಾಟಿದ್ದಾರೆ. ಮೊದಲ ದಿನ ಬೆಳಿಗ್ಗೆ ನಾನು ರವಿಕೆಗೆ ಗುಂಡಿ ಕೊಂಡೆ. ಆಕೆ ನನ್ನ ದುಡ್ಡನ್ನು ತೆಗೆದುಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡರು. ನಮ್ಮ ದೇವರಾಜ ಮಾರುಕಟ್ಟೆಯ ಹೂವಿನವರು ಬೋಣಿಯ ದುಡ್ಡನ್ನು ಒತ್ತಿಕೊಳ್ಳುತ್ತಾರಲ್ಲ, ಥೇಟ್ ಹಾಗೆ. ಎಲ್ಲಿ ಕಲಿತಿರಿ ಎಂದು ಕೇಳಿದೆ. “ಪದ್ಮಾ ಹೇಳ್ಕೊಟ್ಟಳು. ಪಕ್ಕದ ಟೇಬಲ್ ಅವಳದೇ” ಎಂದು ಗುಂಡಿ ಹೊಲಿದ ರಟ್ಟೊಂದು ಬಿಟ್ಟರೆ ಖಾಲಿಯಿದ್ದ ಜಾಗವನ್ನು ತೋರಿಸಿದರು. ಅವರ ಇಂಗ್ಲಿಷನ್ನು ನನ್ನ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ.

ನನ್ನ ತಂಗಿ ಪರ್ತಿನ ಬೀದಿಯಲ್ಲಿ ಒಂಬತ್ತು ವರ್ಷ ಚಟ್ನಿಪುಡಿ ಮಾರಿದ್ದಳು ಎಂದು ನನಗೆ ತಿಳಿದದ್ದು ಹೀಗೆ, ಒಬ್ಬ ಪರದೇಶಿ ಮುದುಕಿಯಿಂದ. ಅವಳು ತೀರಿಕೊಂಡಳೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವರಿಗೆ ಸ್ವಲ್ಪ ಅರಳು ಮರಳು ಎಂದು ಕಾಣುತ್ತದೆ, ಪದ್ಮಾ ಮುಂದಿನ ವಾರ ಬರುವವಳಂತೆ ಮಾತಾಡುತ್ತಾರೆ. ಲೇಖನದ ಕೊನೆಯ ಭಾಗ ಪದ್ಮಾಳ ಬಗ್ಗೆ ಇದೆ. ಒಂದಕ್ಷರ ತೆಗೆಯಕೂಡದು.

ಇಂದುಮತಿ

—

ಸ್ಯಾಲಿಸ್‌ಬರಿ, ಅಡಿಲೇಡ್
3 ಮಾರ್ಚ್ 2014

ಅತ್ತಿಗೆಯವರಿಗೆ ನಮಸ್ಕಾರ.

ಲೇಖನ ಬಂತು. ಪೂರ್ತಿ ಓದಿದೆ. ಪ್ರಕಟಿಸಲು ಆಗುವುದಿಲ್ಲ.

ಪೇಟೆ ಎಂದರೆ ನಮ್ಮ ಓದುಗರು ಚಿಕ್ಕಪೇಟೆ, ಸಂತೆಪೇಟೆಯನ್ನು ನಿರೀಕ್ಷಿಸುತ್ತಾರೆ. ಪೋಲೆಂಡಿನವರ ಕಥೆ ಅವರಿಗೆ ಬೇಡ. ಉದ್ದವೂ ಹೆಚ್ಚಾಯಿತು. ಕೊನೆಯ ಭಾಗವಂತೂ ಮನೆಯ ವಿಷಯ, ಸಾರ್ವಜನಿಕ ಸಂಚಿಕೆಗೆ ಸಲ್ಲದ್ದು.

ಇನ್ನೊಂದು ಮಾತು. ಆ ಲೇನಿಗೆ ಹೋಗಿ ಮಿಸೆಸ್ ಕಪ್ಲಾನ್ ಹತ್ತಿರ ಪದ್ಮಾಳ ಮಾತು ಎತ್ತಬೇಡಿ. ವಯಸ್ಸಾದವರನ್ನು ಅವರ ಪಾಡಿಗೆ ಬಿಡಿ. ಗುಂಡಿ ಬೇಕಾದರೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ.

ಅಸ್ಥಿಯ ವಿಷಯಕ್ಕೆ ನಾನು ಉತ್ತರ ಕೊಡುವುದಿಲ್ಲ. ಎಂದೂ ಕೊಟ್ಟಿಲ್ಲ.

ಅನಂತಪದ್ಮನಾಭ

—

ಬೆಂಟ್ಲಿ, ಪರ್ತ್
22 ಮಾರ್ಚ್ 2014

ಅನಂತಪದ್ಮನಾಭ ಅವರಿಗೆ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಲೇಖನದಲ್ಲಿ ನಿಮ್ಮ ಹೆಸರನ್ನೇ ಎತ್ತಿರಲಿಲ್ಲ. ಮನೆಯ ವಿಷಯ ಎಂದಿರಿ. ಬೀದಿಯಲ್ಲಿ ನಡೆದದ್ದು ಮನೆಯ ವಿಷಯ ಹೇಗಾಗುತ್ತದೆ?

ನಿಮ್ಮ ಮಾತು ಕೇಳಿ ನಾನು ನಿಲ್ಲಿಸುವವಳಲ್ಲವೆಂದು ನಿಮಗೇ ಗೊತ್ತಿತ್ತು. ಪ್ರತಿ ಭಾನುವಾರ ಬಸ್ಸು ಹತ್ತಿ ಹೋಗುತ್ತಿದ್ದೇನೆ. “ಅಮ್ಮಾ, ಚಿಕ್ಕಮ್ಮನ ವಿಷ್ಯ ಯಾಕೆ ಕೆದಕ್ತೀಯ? ಲೀವ್ ಇಟ್” ಎಂದು ಮಾಲವಿಕಾ ಗೊಣಗುತ್ತಾಳೆ. ಕೆದಕುತ್ತೇನೆ. ಮಿಸೆಸ್ ಕಪ್ಲಾನ್ ಒಂದು ಮಡಿಚುವ ಕುರ್ಚಿ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಅವರಪ್ಪ ಕೈಗಾಡಿಯಲ್ಲಿ ಗುಂಡಿ ತಂದು ಕೂರುತ್ತಿದ್ದ ಜಾಗ ಅದೇ. ಎದುರು ಮನೆಯವರು ಮಹಡಿಯಿಂದ ಕೊಳೆನೀರು ಸುರಿಯುತ್ತಿದ್ದರಂತೆ. ಅವರಪ್ಪ ಮೇಜಿನ ಮೇಲೊಂದು ಛತ್ರಿ ಕಟ್ಟಿ, ‘ಮಳೆ ಬಂದರೆ ಬರಲಿ’ ಎಂದು ವ್ಯಾಪಾರ ಮಾಡುತ್ತಿದ್ದರಂತೆ.

ನಿಮ್ಮ ವಿಷಯವೂ ಬಂತು. ಆಕೆ ನಿಮ್ಮನ್ನು ‘ಕಾರಿನ ಮನುಷ್ಯ’ ಎನ್ನುತ್ತಾರೆ. “ಗಂಡ ಅವಳನ್ನ ಲೇನಿನ ಬಾಯಲ್ಲಿ ಇಳಿಸ್ತಿದ್ದ. ಆಮೇಲೆ ಎರಡು ಬೀದಿ ಆಚೆ ಕಾರ್ ನಿಲ್ಲಿಸ್ಕೊಂಡು ಪೇಪರ್ ಓದ್ತಾ ಕೂರ್ತಿದ್ದ. ಒಂದ್ಸಲಾನೂ ಒಳಗೆ ಬರ್ಲಿಲ್ಲ. ಒಂದು ಪೊಟ್ಟಣಾನೂ ಕೊಳ್ಳಲಿಲ್ಲ.” ಎಂಜಿನಿಯರ್ ಸಾಹೇಬರ ಹೆಂಡತಿ ಹಳೇ ಕೋಟಿನವರ ನಡುವೆ ಕೂತು ಬನ್ನಿ ಬನ್ನಿ ಎಂದು ಕೂಗುವುದನ್ನು ಆಫೀಸಿನವರು ನೋಡಿಬಿಟ್ಟರೆ? 2003ರಲ್ಲಿ ಸ್ಯಾಲಿಸ್‌ಬರಿಯ ಕೆಲಸ ಸಿಕ್ಕಿದ್ದೇ ಅವಳನ್ನು ಎತ್ತಿಕೊಂಡು ಹೊರಟಿರಿ. ಮೂರು ವರ್ಷದಲ್ಲಿ ಅವಳು ಹೋದಳು. ನಾಚಿಕೆ ಅವಳಿಗಿರಲಿಲ್ಲ, ನಿಮಗಿತ್ತು. ಅದೇ ನಾಚಿಕೆ ಈಗ ನನ್ನ ಲೇಖನಕ್ಕೆ ಕತ್ತರಿ ಹಾಕಿದೆ.

ಈಗ ಕೇಳಿ. ನಗರಪಾಲಿಕೆಯವರು ಲೇನಿನ ಗೋಡೆಗೆ ಹಿತ್ತಾಳೆಯ ಫಲಕ ಹಾಕುತ್ತಿದ್ದಾರೆ. ಮೊದಲ ಕೈಗಾಡಿಯವರಿಂದ ಹಿಡಿದು, ಅಲ್ಲಿ ವ್ಯಾಪಾರ ಮಾಡಿ ಹೋದವರ ಹೆಸರುಗಳೆಲ್ಲ ಅದರಲ್ಲಿರುತ್ತವೆ. ಪದ್ಮಾಳ ಹೆಸರನ್ನು ನಾನು ಕೊಡುತ್ತೇನೆ. ಕಾವೇರಿಯಲ್ಲಂತೂ ಅವಳಿಗೆ ಜಾಗ ಕೊಡಲಿಲ್ಲ ನೀವು. ಗೋಡೆಯಲ್ಲಾದರೂ ಸಿಗಲಿ.

ಇಂದುಮತಿ

—

ಸ್ಯಾಲಿಸ್‌ಬರಿ, ಅಡಿಲೇಡ್
9 ಏಪ್ರಿಲ್ 2014

ಅತ್ತಿಗೆಯವರಿಗೆ,

ಪದ್ಮಾಳ ಹೆಸರು ಆ ಫಲಕದ ಮೇಲೆ ಬರಕೂಡದು.

ಕಾರಣ ಕೇಳಬೇಡಿ. ಹೇಳಿದರೆ ನೀವು ಅದನ್ನೂ ಲೇಖನ ಮಾಡುತ್ತೀರಿ. ಗಂಡನಾಗಿ ನನಗೆ ಹಕ್ಕಿದೆ, ಹೇಳುತ್ತಿದ್ದೇನೆ: ಪಾಲಿಕೆಯವರಿಗೆ ಅವಳ ವಿಷಯ ತಿಳಿಸಬೇಡಿ. ಮಿಸೆಸ್ ಕಪ್ಲಾನ್ ಮುಂದಂತೂ ಬೇಡವೇ ಬೇಡ.

ನನ್ನನ್ನು ಏನು ಬೇಕಾದರೂ ಅಂದುಕೊಳ್ಳಿ. ನಾಚಿಕೆಗೇಡಿ ಎನ್ನಿ, ಕಟುಕ ಎನ್ನಿ. ಇಪ್ಪತ್ತು ವರ್ಷದಿಂದ ಅನ್ನುತ್ತಲೇ ಇದ್ದೀರಿ, ನನಗೇನೂ ಆಗಿಲ್ಲ. ಆದರೆ ಇದೊಂದು ಬೇಡ. ನಾನು ನಿಮ್ಮನ್ನು ಈವರೆಗೆ ಏನನ್ನೂ ಕೇಳಿದವನಲ್ಲ.

ಅನಂತಪದ್ಮನಾಭ

—

ಬೆಂಟ್ಲಿ, ಪರ್ತ್
24 ಮೇ 2014

ಅನಂತಪದ್ಮನಾಭ ಅವರಿಗೆ,

ಎರಡು ಸುದ್ದಿ ಇವೆ, ಎರಡೂ ನಿಮಗೆ ಹಿಡಿಸುವುದಿಲ್ಲ.

ಮೊದಲನೆಯದು: ಲೇಖನವನ್ನು ನಾನು ಸನ್ನಿಬ್ಯಾಂಕ್ ಬಡಾವಣೆಯ ಸತೀಶನಿಗೆ ಕಳಿಸಿದೆ. ಸಂಚಿಕೆಯ ಸಮಿತಿಗೆ ಅವನೇ ಅಧ್ಯಕ್ಷನಂತೆ, ನೀವು ಬರೀ ಸಂಪಾದಕರಂತೆ. ಬ್ರಿಸ್ಬೇನಿನಿಂದ ಫೋನ್ ಮಾಡಿ, “ಆಂಟಿ, ಸೂಪರ್ ಆಗಿದೆ. ಅಂಕಲ್‌ಗೆ ನಾನ್ ಹೇಳ್ಕೋತೀನಿ, ನೀವು ಟೆನ್ಷನ್ ಮಾಡ್ಕೋಬೇಡಿ” ಎಂದ. ಎತ್ತಿಗೆ ಮೂಗುದಾರ ಎಲ್ಲಿದೆಯೆಂದು ಹುಡುಕಿದರೆ ಸಿಗುತ್ತದೆ.

ಎರಡನೆಯದು: ಗುರುವಾರ ಪಾಲಿಕೆಯ ಅಧಿಕಾರಿ ಹೆಸರು ಬರೆದುಕೊಳ್ಳಲು ಮಿಸೆಸ್ ಕಪ್ಲಾನರ ಮನೆಗೆ ಬಂದಿದ್ದ. ನನ್ನನ್ನೂ ಕರೆದಿದ್ದರು. ಒಬ್ಬೊಬ್ಬರ ಹೆಸರು ಹೇಳುತ್ತಾ ಬಂದರು: ಮೀನಿನವನು, ದರ್ಜಿ ಅಣ್ಣತಮ್ಮಂದಿರು, ಪೀಪಾಯಿಯವಳು. ಕೊನೆಗೆ ನಾನು ಪದ್ಮಾಳ ಹೆಸರು ಹೇಳಿದೆ. ಈಗ ಬೇರೆ ಊರಲ್ಲಿದ್ದಾರಾ ಎಂದು ಆತ ಕೇಳಿದ. ಇಲ್ಲ, 2006ರಲ್ಲಿ ತೀರಿಕೊಂಡಳು ಎಂದೆ.

ಮಿಸೆಸ್ ಕಪ್ಲಾನ್ ನನ್ನ ಮುಖ ನೋಡಿದರು. ಅಳಲಿಲ್ಲ. ಕೋಟಿನ ಕಾಲರು ಹಿಡಿದು ಚೂರು ಹರಿದುಕೊಂಡರು. ಹತ್ತಿರದವರು ಹೋದರೆ ಯೆಹೂದಿಗಳಲ್ಲಿ ಹಾಗೆ ಮಾಡುವ ಪದ್ಧತಿಯಿದೆಯೆಂದು ಓದಿದ್ದೆ, ಕಣ್ಣಾರೆ ಕಂಡದ್ದು ಅವತ್ತೇ. ಆಮೇಲೆ “ನೀವಿಬ್ರೂ ಹೊರಡಿ” ಎಂದರು. ಅಷ್ಟು ವರ್ಷದ ಸ್ನೇಹಿತೆ ಸತ್ತ ಸುದ್ದಿಯನ್ನು ಅವರಿಗೆ ತಿಳಿಸುವ ಸೌಜನ್ಯ ಕೂಡ ನಿಮಗಿರಲಿಲ್ಲವಲ್ಲ. ಆ ಕೆಲಸವನ್ನೂ ನಾನೇ ಮಾಡಬೇಕಾಯಿತು.

ಹೆಸರು ಫಲಕಕ್ಕೆ ಹೋಯಿತು. ಇನ್ನು ನಿಮ್ಮ ಹಕ್ಕನ್ನು ಇಟ್ಟುಕೊಂಡು ಏನು ಮಾಡುತ್ತೀರೋ ಮಾಡಿ.

ಇಂದುಮತಿ

—

ಸ್ಯಾಲಿಸ್‌ಬರಿ, ಅಡಿಲೇಡ್
30 ಮೇ 2014

ಇಂದುಮತಿಯವರಿಗೆ,

ಅತ್ತಿಗೆ ಎಂದು ಬರೆಯಲು ಇವತ್ತು ಕೈ ಬರುವುದಿಲ್ಲ.

ಕಳೆದ ಭಾನುವಾರ ಬೆಳಿಗ್ಗೆ ಎಂದಿನಂತೆ ಮಿಸೆಸ್ ಕಪ್ಲಾನರಿಗೆ ಫೋನ್ ಮಾಡಿದೆ. “ಇವತ್ತು ಮಾರೋದಕ್ಕೆ ಏನೂ ಇಲ್ಲ, ಮಿಸ್ಟರ್” ಎಂದು ಇಟ್ಟುಬಿಟ್ಟರು. ಏನಾಯಿತೆಂದು ತಿಳಿಯಲಿಲ್ಲ. ಬುಧವಾರ ನಿಮ್ಮ ಕಾಗದ ಬಂತು.

ನೀವು ಆ ಲೇನಿನ ಇತಿಹಾಸ ಬರೆದಿರಿ. ಪೊಲೀಸರು ಗಾಡಿ ಉರುಳಿಸುತ್ತಿದ್ದರು, ಇವರು ಮತ್ತೆ ಬಂದು ಕೂರುತ್ತಿದ್ದರು ಎಂದು ಬರೆದಿರಿ. ಯಾರು ಎಲ್ಲಿ ಕೂರುತ್ತಿದ್ದರು, ಆ ಜಾಗ ಯಾರದೆಂದು ಹೇಗೆ ತೀರ್ಮಾನ ಮಾಡುತ್ತಿದ್ದರು ಎಂದು ಒಂದು ಸಲ ಕೇಳಿದಿರಾ? ಕೇಳಿದ್ದರೆ ಈ ಅನಾಹುತ ಆಗುತ್ತಿರಲಿಲ್ಲ.

ಅಲ್ಲಿ ಯಾರ ಹತ್ತಿರವೂ ಪತ್ರವಿಲ್ಲ, ಪಟ್ಟಾ ಇಲ್ಲ. ಬೆಳಿಗ್ಗೆ ಸಂತೆಯ ಗಂಟೆ ಹೊಡೆಯುವುದರೊಳಗೆ ಯಾರ ಜಾಗದಲ್ಲಿ ಬೋಣಿ ಆಗುತ್ತದೋ ಜಾಗ ಅವರದು. ಕಾಯಿಲೆ ಬಿದ್ದರೆ, ಸೂತಕ ಬಂದರೆ, ಊರಲ್ಲಿ ಇಲ್ಲದಿದ್ದರೆ, ಪಕ್ಕದವರು ಅವರ ಹೆಸರಿನಲ್ಲಿ ಒಂದು ಸಾಮಾನು ಮಾರಿ ಜಾಗ ಕಾಯುತ್ತಾರೆ. ಎಷ್ಟು ವರ್ಷವಾದರೂ ಸರಿ. ಆದರೆ ಬದುಕಿರುವವರಿಗೆ ಮಾತ್ರ. ಸತ್ತ ಸುದ್ದಿ ಲೇನಿಗೆ ತಲುಪಿದ ಮೇಲೆ ಜಾಗ ನಾಲ್ಕು ಭಾನುವಾರ ಮನೆಯವರಿಗಾಗಿ ಕಾಯುತ್ತದೆ. ಅಷ್ಟರಲ್ಲಿ ಮನೆಯವರು ಬಂದು ಕೂತು ಬೋಣಿ ಮಾಡಿದರೆ ಅವರದು. ಇಲ್ಲದಿದ್ದರೆ ಬೇರೆಯವರದು.

ಅಡಿಲೇಡಿಗೆ ಹೊರಟಾಗ ಪದ್ಮಾ ಅತ್ತಳು. ಹೌದು, ನಾನೇ ಹೊರಡಿಸಿದೆ. ‘ಜಾಗ ಇರುತ್ತೆ, ನೀನು ವಾಪಸ್ ಬಾ’ ಎಂದು ಮಿಸೆಸ್ ಕಪ್ಲಾನ್ ಹೇಳಿದರು. ಅಂದಿನಿಂದ ಪ್ರತಿ ಭಾನುವಾರ ಪದ್ಮಾಳ ಜಾಗದಲ್ಲಿ ಗುಂಡಿ ಹೊಲಿದ ಒಂದು ರಟ್ಟು ಇಡುತ್ತಿದ್ದರು. ಪದ್ಮಾ ಇಲ್ಲಿಂದ ಫೋನ್ ಮಾಡಿ ವಿಚಾರಿಸುವಳು, ಯಾರೋ ಗಿರಾಕಿ ಅದನ್ನು ಕೊಂಡಿರುವರು. ಆಸ್ಪತ್ರೆಯಲ್ಲಿದ್ದಾಗಲೂ ಕೇಳುತ್ತಿದ್ದಳು, ‘ರೀ, ನನ್ನ ಬೋಣಿ ಆಯ್ತಾ?’ ಅವಳು ತೀರಿಕೊಂಡ ವಾರ ಮಿಸೆಸ್ ಕಪ್ಲಾನರ ಫೋನ್ ಬಂದಾಗ ನಾನು ಎತ್ತಿದೆ. ಹೇಳಲಾಗಲಿಲ್ಲ. ಆ ಗುಂಡಿಯನ್ನು ಇವತ್ತು ನಾನು ತೆಗೆದುಕೊಳ್ಳುತ್ತೇನೆ ಎಂದೆ. ಅದರ ಮುಂದಿನ ವಾರವೂ ಅದನ್ನೇ ಹೇಳಿದೆ. ಎಂಟು ವರ್ಷ. ನನ್ನ ಮನೆಯ ಬೀರು ತುಂಬಾ ಗುಂಡಿ ಇದೆ, ನಿಮ್ಮ ಇತಿಹಾಸಕ್ಕೆ ಸಾಕ್ಷಿ ಬೇಕಾದರೆ ಕಳಿಸುತ್ತೇನೆ.

ಅಸ್ಥಿ ಅಸ್ಥಿ ಎಂದು ಜೀವ ತಿಂದಿರಿ. ಈ ಭೂಮಿಯ ಮೇಲೆ ಅವಳದು ಎಂದು ಇದ್ದದ್ದು ಎರಡು ಮೊಳ ಕಲ್ಲುಹಾಸು. ಅದನ್ನು ನಾನು ಕಾಯುತ್ತಿದ್ದೆ. ನೀವು ಫಲಕದಲ್ಲಿ ಹೆಸರು ಬರೆಸಿ ಅದನ್ನು ಕಳೆದಿರಿ. ಆ ಫಲಕ ಹೋದವರಿಗೆ ಹಾಕುವುದು. ಅವಳು ಆ ಲೇನಿನಲ್ಲಿ ಇನ್ನೂ ಹೋಗಿರಲಿಲ್ಲ.

ನನಗೆ ನಾಚಿಕೆಯಿತ್ತು. ಸುಳ್ಳು ಹೇಳುವುದಿಲ್ಲ, ಇತ್ತು, ಈಗಲೂ ಇದೆ. ನಿಮಗಿಲ್ಲವಲ್ಲ, ಸಂತೋಷ. ಇನ್ನೂ ಮೂರು ಭಾನುವಾರ ಇವೆ. ಮನೆಯವರು ಎಂದು ಆ ಊರಿನಲ್ಲಿ ಇರುವುದು ನೀವೇ. ಹೋಗಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ ಆ ಕಲ್ಲಿನ ಮೇಲೆ ಕೂತು ಕೂಗಿ ನೋಡೋಣ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ.

ಅನಂತಪದ್ಮನಾಭ

—

ಬೆಂಟ್ಲಿ, ಪರ್ತ್
9 ಜೂನ್ 2014

ಅನಂತಪದ್ಮನಾಭ ಅವರಿಗೆ,

ನಿಮ್ಮ ಕಾಗದ ಬಂದು ತಲುಪುವುದರಲ್ಲಿ ಒಂದು ಭಾನುವಾರ ಹೋಗಿತ್ತು. ಓದಿ ಎರಡು ದಿನ ನಿಮ್ಮನ್ನು ಬೈದೆ. ಮೊದಲೇ ನಾಲ್ಕು ಸಾಲು ಬರೆದು ತಿಳಿಸಿದ್ದರೆ ನಿಮ್ಮ ಗಂಟು ಹೋಗುತ್ತಿತ್ತೇ? ‘ಕಾರಣ ಕೇಳಬೇಡಿ’ ಅಂತೆ. ಕೇಳಬೇಡಿ ಎಂದರೆ ಕೇಳದೆ ಇರಲು ನಾನೇನು ಪದ್ಮಾಳೇ? ನಿಮ್ಮ ಮೇಲಿನ ಸಿಟ್ಟು ಇಳಿದಿಲ್ಲ. ನನ್ನ ಮೇಲೂ ಬಂದಿದೆ, ಅಷ್ಟೇ ವ್ಯತ್ಯಾಸ.

ಪಾಲಿಕೆಗೆ ಹೋಗಿ ಹೆಸರು ವಾಪಸ್ ಕೊಡಿ ಎಂದೆ. “ತೀರ್ಕೊಂಡಿದ್ದಾರೆ ತಾನೇ?” ಎಂದು ಆತ ಕೇಳಿದ. ಹೆಸರು ಅಲ್ಲೇ ಉಳಿಯಿತು. ಸತೀಶನಿಗೆ ಲೇಖನ ಹಾಕಬೇಡ ಎಂದು ಹೇಳಿದ್ದೇನೆ. ತಪ್ಪು ತುಂಬಿದ ಇತಿಹಾಸ ಅದು.

ಆಮೇಲೆ ಮಿಸೆಸ್ ಕಪ್ಲಾನರ ಮನೆಗೆ ಹೋದೆ. ಬಾಗಿಲು ತೆಗೆದರು, ಕೂರಿ ಎನ್ನಲಿಲ್ಲ. ಅವರಿಗೆ ಅರಳು ಮರಳು ಎಂದು ಬರೆದಿದ್ದೆನಲ್ಲ, ನನ್ನ ಬುದ್ಧಿಗೆ ಹಾಗಾಗಿತ್ತು. ಹೆಂಡತಿ ಹೆಸರಿನಲ್ಲಿ ವರ್ಷಗಟ್ಟಲೆ ಗಂಡನೇ ಫೋನ್ ಮಾಡಿದರೆ ಏನಾಗಿದೆಯೆಂದು ಅವರಿಗೆ ಹೊಳೆದಿರಲಿಲ್ಲ ಎಂದುಕೊಂಡಿದ್ದೀರಾ? “ನಾನು ಕೇಳಲಿಲ್ಲ. ಅವನು ಹೇಳಲಿಲ್ಲ. ಹೇಳ್ದೇ ಇರೋವರೆಗೂ ಅವಳು ಇದ್ದಳು. ನೀನು ಬಂದು ಸರ್ಕಾರದವನ ಮುಂದೆ ಹೇಳಿಬಿಟ್ಟೆ” ಎಂದರು. ನಾನು ನಿಂತೇ ಇದ್ದೆ. ಬಾಗಿಲು ಹಾಕುವ ಮೊದಲು, “ತಂಗಿಯ ಜಾಗ ಬೇಕಾದ್ರೆ ಬೇಗ ಬಾ. ಕಾಫಿ ಗಾಡಿಯವನು ಆಗಲೇ ಅಳತೆ ತೊಗೊಂಡು ಹೋಗಿದ್ದಾನೆ” ಎಂದರು.

ನೀವು ಸವಾಲು ಹಾಕಿದ್ದಿರಿ. ನಿನ್ನೆ ಹೋದೆ. ಚಟ್ನಿಪುಡಿ ಮಾಡಿ ಪೊಟ್ಟಣ ಕಟ್ಟಿದೆ. “ಅಮ್ಮಾ, ಆರ್ ಯು ಸೀರಿಯಸ್? ನನ್ ಸ್ಟೂಡೆಂಟ್ಸೆಲ್ಲ ಅಲ್ಲಿಗೆ ಬರ್ತಾರೆ” ಎಂದಳು ಮಾಲವಿಕಾ. ಆದರೂ ಕಾರಿನಲ್ಲಿ ಬಿಟ್ಟಳು. ಎಲ್ಲಿ ಬಿಟ್ಟಳು ಗೊತ್ತೇ? ಲೇನಿನ ಬಾಯಲ್ಲಿ. ಎರಡು ಬೀದಿ ಆಚೆ ನಿಲ್ಲಿಸಿಕೊಂಡು ಕೂತಳು. ನಿಮ್ಮ ನೆನಪಾಗಿ ಮೈ ಉರಿಯಿತು.

ಕಲ್ಲು ಥಂಡಿಗೆ ಕೊರೆಯುತ್ತಿತ್ತು. ಟೇಬಲ್ ಹಾಕಿ ಪೊಟ್ಟಣ ಜೋಡಿಸಿದೆ. ಕೂಗಬೇಕಿತ್ತು. ತರಗತಿಯಲ್ಲಿ ನೂರು ಹುಡುಗಿಯರನ್ನು ಒಂದು ಮಾತಿಗೆ ಸುಮ್ಮನಾಗಿಸುತ್ತಿದ್ದವಳು ನಾನು. ಬಾಯಿ ತೆರೆದರೆ ಸ್ವರ ಬರಲಿಲ್ಲ. ಜನ ಬಂದರು, ಪೊಟ್ಟಣ ನೋಡಿದರು, ನನ್ನ ಮುಖ ನೋಡಿ ಮುಂದೆ ಹೋದರು. ಮಾಲವಿಕಾಳ ಮನೆಗೆ ಊಟಕ್ಕೆ ಬರುವ ಹಾಸನದ ಹುಡುಗರು ಇಬ್ಬರು ಬರುವುದು ಕಾಣಿಸಿತು. ಸೆರಗು ತಲೆಯ ಮೇಲೆಳೆದುಕೊಂಡು ಬಗ್ಗಿ ಟೇಬಲ್ಲಿನ ಕಾಲು ಸರಿಮಾಡುವವಳ ಹಾಗೆ ನಟಿಸಿದೆ. ಅವರು ದಾಟಿ ಹೋದರು. ಬೋಣಿ ಮಾಡುವ ಗಿರಾಕಿಗಳು ಅವರೇ ಆಗಿರಬಹುದಿತ್ತು. ನಾನು ಬಗ್ಗಿದ್ದಾಗಲೇ ಗಂಟೆ ಹೊಡೆಯಿತು.

ಮಿಸೆಸ್ ಕಪ್ಲಾನ್ ಎಲ್ಲ ನೋಡುತ್ತಿದ್ದರು. ಪಕ್ಕದವರು ಕೊಂಡರೆ ಬೋಣಿ ಅಲ್ಲವಂತೆ, ಅದೂ ನಿಯಮ. ಗಂಟೆಯಾದ ಮೇಲೆ ಒಂದು ಪೊಟ್ಟಣ ಬಿಚ್ಚಿ ನಾಲಿಗೆಗೆ ಇಟ್ಟುಕೊಂಡು, ಕೆಮ್ಮಿ, “ಇದು ಪದ್ಮಾದಲ್ಲ” ಎಂದರು.

ಉಳಿದಿರುವುದು ಬರುವ ಭಾನುವಾರ ಒಂದೇ. ಅದು ಬಿಟ್ಟರೆ ಅಲ್ಲಿ ಕಾಫಿ ಗಾಡಿ. ನಾನು ಮತ್ತೆ ಹೋಗುತ್ತೇನೆ, ಈ ಸಲ ಬಗ್ಗುವುದಿಲ್ಲ. ಆದರೆ ನನ್ನ ಮುಖ ನೋಡಿ ಯಾರೂ ಕೊಳ್ಳುವುದಿಲ್ಲ ಎಂಬುದು ನಿನ್ನೆ ಗೊತ್ತಾಯಿತು. ದೂರದಿಂದ ಹೇಳಿ ಕೊಂಡರೂ ಅಲ್ಲಿ ನಡೆಯುತ್ತದೆ. ಎಂಟು ವರ್ಷ ನೀವೇ ನಡೆಸಿದ್ದೀರಿ. ಆದರೆ ಕೊಂಡದ್ದು ಮಿಸೆಸ್ ಕಪ್ಲಾನರ ಗುಂಡಿ. ಪದ್ಮಾಳ ಟೇಬಲ್ಲಿನಿಂದ ಅವಳು ಬದುಕಿರುವವರೆಗೂ ಒಂದು ಪೊಟ್ಟಣ ಕೊಂಡವರಲ್ಲ ನೀವು.

ನಾನು ಬೇಡುತ್ತಿಲ್ಲ. ವ್ಯಾಪಾರಕ್ಕೆ ಕೂತವಳು ಗಿರಾಕಿಯನ್ನು ಕರೆಯಬೇಕಂತೆ, ಕರೆಯುತ್ತಿದ್ದೇನೆ.

ಇಂದುಮತಿ

—

ಸ್ಯಾಲಿಸ್‌ಬರಿ, ಅಡಿಲೇಡ್
12 ಜೂನ್ 2014
ಎಕ್ಸ್‌ಪ್ರೆಸ್ ಪೋಸ್ಟ್

ಅತ್ತಿಗೆಯವರಿಗೆ,

ಮಿಸೆಸ್ ಕಪ್ಲಾನರಿಗೆ ಇಂಗ್ಲಿಷಿನಲ್ಲಿ ಬೇರೆ ಕಾಗದ ಹಾಕಿದ್ದೇನೆ. ಪದ್ಮಾ ತೀರಿಕೊಂಡ ಸುದ್ದಿಯನ್ನು ನಾನೇ ಬರೆದು ತಿಳಿಸಿದ್ದೇನೆ. ಅವರ ಲೇನಿನಲ್ಲಿ ನನ್ನ ಆರ್ಡರ್ ಏನೆಂದೂ ಬರೆದಿದ್ದೇನೆ, ಆಮೇಲೆ ಯಾರೂ ತಕರಾರು ಎತ್ತಬಾರದು.

ಚಟ್ನಿಪುಡಿ ಒಂದು ಪೊಟ್ಟಣ. ನನ್ನ ಹೆಸರಿಗೆ. ಗಂಟೆಗೆ ಮುಂಚೆ.

ನಿಮ್ಮ ಮೈಸೂರಿನ ಅಳತೆಯಲ್ಲಿ ಮಾಡಿದ್ದು ನನಗೆ ಬೇಡ. ನಿಮ್ಮ ಮನೆಯಲ್ಲಿ ಮೆಣಸಿನಕಾಯಿ ಸುರಿಯುತ್ತೀರಿ, ಮದುವೆಯಾದ ಹೊಸದರಲ್ಲೇ ಗೊತ್ತಾಗಿತ್ತು. ಬ್ಯಾಡಗಿ ಅರ್ಧ ಕಡಿಮೆ ಮಾಡಿ. ಕಡಲೆಬೇಳೆ ಎಷ್ಟೋ ಉದ್ದಿನಬೇಳೆ ಅದರ ಅರ್ಧ, ಬೇರೆ ಬೇರೆ ಹುರಿಯಬೇಕು. ಬೆಲ್ಲ ನಿಂಬೆಹಣ್ಣಿನ ಗಾತ್ರ. ಕೊಬ್ಬರಿಯನ್ನು ಮಿಕ್ಸಿಗೆ ಹಾಕಬೇಡಿ, ಕೈಯಲ್ಲಿ ತುರಿಯಿರಿ, ಬೆರಳು ನೋಯುತ್ತದೆ, ನೋಯಲಿ. ಒಂಬತ್ತು ವರ್ಷ ಶನಿವಾರವೆಲ್ಲ ಕಿಟಕಿಯ ಪರದೆ ಎಳೆದುಕೊಂಡು ತುರಿದವನು ನಾನು. ಇಂಗು ಕೊನೆಗೆ.

ನಾನು ಬರುವುದಿಲ್ಲ. ಬಂದರೂ ಎರಡು ಬೀದಿ ಆಚೆ ಕಾರಿನಲ್ಲೇ ಕೂರುತ್ತೇನೆ, ಅಲ್ಲಿ ಆಗಲೇ ನಿಮ್ಮ ಮಗಳು ಇದ್ದಾಳೆ.

ನೋಟು ಲಕೋಟೆಯಲ್ಲಿದೆ. ಚಿಲ್ಲರೆಯನ್ನು ಪೊಟ್ಟಣದ ಜೊತೆ ಕಳಿಸಿ, ದಾನ ಮಾಡುತ್ತಿಲ್ಲ ನಾನು. ಮಾರಿದ ಮೇಲೆ ಆ ದುಡ್ಡನ್ನು ಎರಡೂ ಕಣ್ಣಿಗೆ ಒತ್ತಿಕೊಳ್ಳಬೇಕು. ಅದನ್ನು ಬರೆದುಕೊಳ್ಳುವ ಭರದಲ್ಲಿ ಮಾಡುವುದನ್ನು ಮರೆಯಬೇಡಿ.

ಅನಂತಪದ್ಮನಾಭ